ಮೂಲವ್ಯಾಧಿಯ ಶಸ್ತ್ರಕ್ರಿಯೆಯ ಅನಂತರ

ಈ ವಿಷಯವನ್ನು ಕುರಿತು ಆಕಾಶವಾಣಿಯಲ್ಲಿ ಮಾತನಾಡಲು ನನಗೂ ಮೊದಲು ಸಂಕೋಚವೆನಿಸಿತ್ತು. ಆದರೆ ನಾನು ಕಂಡ ಅಪಾಯಗಳಲ್ಲಿ ಕೆಲವಕ್ಕೆ ಈ ಸಂಕೋಚವೇ ಕಾರಣವಾಗಿದ್ದುದರಿಂದ ಒಪ್ಪಿಕೊಂಡೆ.

ಮೂಲವ್ಯಾಧಿ ಹಳೆಯ ಬೇನೆ. ಸುಶ್ರುತನು ಇದನ್ನು ಅರ್ಶಸ್ಸೆಂದು ಕರೆದು ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾನೆ. ಇಂದಿಗೂ ಬಳಕೆಯಲ್ಲಿರುವ ಶಸ್ತ್ರಕ್ರಮವೊಂದನ್ನು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲ್ಲಿಗನ್, ಮಾರ್ಗನ್ ಮತ್ತು ಅವರ ಸಹೋದ್ಯೋಗಿಗಳು 1937ರಲ್ಲಿ ಪ್ರಕಟಿಸಿದರು. ಮೊಳೆಗಳನ್ನು ಕತ್ತರಿಸಿ, ಬುಡದ ರಕ್ತನಾಳವನ್ನು ಕಟ್ಟಿ, ಗಾಯಗಳನ್ನು ಹೊಲಿಯದೆ ತೆರೆದೇ ಬಿಡುವ ಕ್ರಮವಿದು. ಗಾಯಗಳ ನಡುವೆ ಚರ್ಮದ ಪಟ್ಟಿಗಳನ್ನು ಉಳಿಸಲೇಬೇಕು. ಕತ್ತರಿ ಅತ್ಯುತ್ಸಾಹ ತೋರಿದರೆ ಗಾಯ ಮಾಯುತ್ತ ದ್ವಾರವೇ ಕಿರಿದಾಗುತ್ತದೆ.

ಹೆಚ್ಚಿನವರು ಕೆಲವು ವಾರ ನೋವುಂಡು ಗುಣ ಹೊಂದುತ್ತಾರೆ. ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ, ಎಲ್ಲ ಮುಗಿಯಿತೆಂದು ಮನೆಗೆ ಹೋದ ಮೇಲೆ, ಸುಮಾರು 7ರಿಂದ 14ನೆಯ ದಿನದೊಳಗೆ, ಕಟ್ಟಿದ ಬುಡ ಕಳಚುವ ಹೊತ್ತಿಗೆ ರಕ್ತ ಹರಿಯುತ್ತದೆ. ನನಗೆ ಒಬ್ಬ ಮೇಷ್ಟ್ರು ನೆನಪಾಗುತ್ತಾರೆ. ಒಂಬತ್ತನೆಯ ರಾತ್ರಿ ಮೂರು ಸಲ ಪಾಯಖಾನೆಗೆ ಎದ್ದು ಹೋದರಂತೆ. ಸೊಸೆ ಎಚ್ಚರಗೊಂಡು ಕೇಳಿದರೆ, "ಏನೂ ಇಲ್ಲ, ಮಲಗಮ್ಮ" ಎಂದರಂತೆ. ನಾಲ್ಕನೆಯ ಸಲ ಬಾಗಿಲಲ್ಲೇ ಕುಸಿದರು. ಹೊರಗೆ ಕಂಡ ರಕ್ತ ಸ್ವಲ್ಪವೇ; ಉಳಿದದ್ದು ಕರುಳಿನೊಳಗೆ ಸೇರಿಕೊಂಡು, ಮತ್ತೆ ಮತ್ತೆ ಮಲಪ್ರವೃತ್ತಿಯಾಗುವಂತೆ ಭ್ರಮೆ ಹುಟ್ಟಿಸಿತ್ತು. ನಸುಕಿನಲ್ಲಿ ಕರೆತಂದಾಗ ನಾಡಿ ನೂಲಿನಂತಿತ್ತು, ಹಣೆ ತಣ್ಣಗೆ ಬೆವೆತಿತ್ತು. ಅವರ ಹಳೆಯ ಶಿಷ್ಯರಿಬ್ಬರು ರಕ್ತ ಕೊಟ್ಟರು, ನಾಳವನ್ನು ಮತ್ತೆ ಹೊಲಿದೆವು, ಬದುಕಿಕೊಂಡರು. "ಸೊಸೆಯ ಮುಂದೆ ಅದನ್ನು ಹೇಗೆ ಹೇಳುವುದು, ಡಾಕ್ಟರೇ?" ಎಂದು ಕೇಳಿದರು. ಅವರನ್ನು ಆಕ್ಷೇಪಿಸುವ ಬಾಯಿ ನನಗಿರಲಿಲ್ಲ. ಮನೆಗೆ ಕಳುಹಿಸುವಾಗ ಆ ಎರಡನೆಯ ವಾರದ ಮಾತನ್ನು ನಾನೂ ಹೇಳಿರಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ವಿರಳ, ಇದಕ್ಕಿಂತ ಕ್ರೂರ: ಸೋಂಕು ಕಿಬ್ಬೊಟ್ಟೆಯ ಆಳಕ್ಕೆ ಹಬ್ಬುವುದು. ಕತ್ತಿಯೇ ಬೇಕಿಲ್ಲದ ರಬ್ಬರ್ ಬಳೆಯ ಚಿಕಿತ್ಸೆಯ ಅನಂತರವೂ, ಇಟಲಿಯ ಲಾಂಗೋ 1990ರ ದಶಕದಲ್ಲಿ ಬಳಕೆಗೆ ತಂದ ಸ್ಟೇಪ್ಲರ್ ವಿಧಾನದ ಅನಂತರವೂ ಇದು ಕಂಡುಬಂದಿದೆ. ಮೂತ್ರ ಕಟ್ಟುವುದೊಂದೇ ಆದರೆ ಮೊದಲ ದಿನ ಅಷ್ಟೇನೂ ಅಪರೂಪವಲ್ಲ. ಆದರೆ ಅದರ ಜೊತೆಗೆ ಜ್ವರ ಬಂದು, ಇಳಿಯಬೇಕಾದ ನೋವು ಏರತೊಡಗಿದರೆ ಬೆಳಗಾಗಲೆಂದು ಕಾಯುವಂತಿಲ್ಲ.

ಮೇಷ್ಟ್ರು ಗುಣವಾಗಿ ಹೋದಮೇಲೆ ನಾನು ಚೀಟಿಯ ಹಿಂಬದಿಯಲ್ಲಿ ಈ ಲಕ್ಷಣಗಳನ್ನು ಕೈಯಾರೆ ಬರೆದು, ಮನೆಯವರೊಬ್ಬರಿಗೆ ರೋಗಿಯ ಎದುರಿಗೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆ ಹೊತ್ತಿನಲ್ಲಿ ರೋಗಿಗಳಲ್ಲಿ ಅನೇಕರು ಗೋಡೆಯ ಕಡೆಗೆ ಮುಖ ಮಾಡಿಕೊಂಡಿರುತ್ತಿದ್ದರು.