ಶಾಲೆಯ ಮಕ್ಕಳೂ ಅಂಟುಬೇನೆಗಳೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ಸಂತೋಷದಲ್ಲಿ ಬೇನೆಬೇಸರಿಕೆಗಳ ಮಾತೇಕೆ ಎಂದು ಕೆಲವರಿಗೆ ಅನಿಸೀತು. ಆದರೆ ನಮ್ಮಲ್ಲಿ ಬಹುಜನರನ್ನು ಪುಣೆಗೆ ತಂದಿಳಿಸಿದ ರೈಲುದಾರಿಯ ಊರುಗಳೇ ಒಂದು ಕಾಲಕ್ಕೆ ಒಂದಾದ ಮೇಲೊಂದು ಪ್ಲೇಗಿಗೆ ತುತ್ತಾದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬೇನೆ ಮರುವರ್ಷ ಪುಣೆಯನ್ನು ನಡುಗಿಸಿತು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಹಾವಳಿ ಎಬ್ಬಿಸಿತು. ಮುಂದೆ ಎರಡು ದಶಕಗಳವರೆಗೂ ಶಾಲೆಗಳು ಮುಚ್ಚುವುದು, ಮಕ್ಕಳು ಊರಹೊರಗಿನ ಗುಡಿಸಲುಗಳಲ್ಲಿ ದಿನ ಕಳೆಯುವುದು ನಮ್ಮ ಭಾಗದಲ್ಲಿ ಹೊಸದೇನೂ ಆಗಿರಲಿಲ್ಲ.

ಇಲಿ ಬಿದ್ದಿತೆಂದರೆ ಮನೆ ಬಿಡಬೇಕೆಂದು ನಮ್ಮ ಹಿರಿಯರು ಅರಿತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡನು. ಪಂಡಿತರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿದವು. ಪಂಡಿತರಿಗಿಂತ ಮುದುಕಿಯರೇ ಮುಂದಿದ್ದರೆನ್ನಬೇಕು!

ಪುಣೆಯಲ್ಲಿ ರ‍್ಯಾಂಡನ ಸೈನಿಕರು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಜನ ರೋಗಿಗಳನ್ನು ಬಚ್ಚಿಟ್ಟರು. ರೋಗಿಯನ್ನು ಬೇರೆ ಇಡುವುದು ತಪ್ಪಲ್ಲ. ಅದನ್ನು ಮಾಡಿದ ರೀತಿ ತಪ್ಪು. ಅದೇ ಊರಿನಲ್ಲಿ, 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರು ಪ್ಲೇಗು ತಗುಲಿದ ಹುಡುಗನೊಬ್ಬನನ್ನು ಬೆನ್ನಮೇಲೆ ಹೊತ್ತು ಮಗ ಡಾ. ಯಶವಂತರ ಚಿಕಿತ್ಸಾಲಯಕ್ಕೆ ತಂದರು. ಆ ಬೇನೆ ಅವರಿಗೂ ಅಂಟಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ಆ ವರ್ಷದ ಜನವರಿಯಲ್ಲೇ ಹಾಫ್ಕಿನ್ ಮುಂಬಯಿಯಲ್ಲಿ ತನ್ನ ಲಸಿಕೆಯನ್ನು ಮೊದಲು ತಾನೇ ಚುಚ್ಚಿಸಿಕೊಂಡಿದ್ದನು. 1898ರಲ್ಲಿ ಡಾ. ಲ್ಯೂಮನ್ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಿದರು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದು ಶೀಸೆ ಕೆಟ್ಟು 19 ಜನ ಧನುರ್ವಾಯುವಿನಿಂದ ಸತ್ತಾಗ ಅಪವಾದ ಹಾಫ್ಕಿನ್ನನ ತಲೆಗೆ ಬಂತು. ಅದು ತೊಳೆದುಹೋಗಲು ಐದು ವರ್ಷ ಬೇಕಾದವು.

ಗಡ್ಡೆಯ ಪ್ಲೇಗಿಗೆ ಚಿಗಟ ಬೇಕು. ಆದರೆ ಸಿಡುಬು, ಗೊಬ್ಬರ, ಗಂಟಲಮಾರಿ, ನಾಯಿಕೆಮ್ಮುಗಳಿಗೆ ಶಾಲೆಯ ಮಣೆಯೇ ಸಾಕು. ಒಬ್ಬ ಹುಡುಗ ಕೆಮ್ಮಿದರೆ ಸಾಲಿಗೆಲ್ಲ ಹಂಚಿಕೆ. ಸಿಡುಬು ಭಾರತದಲ್ಲಿ 1975ರ ನಂತರ ಕಾಣಿಸಿಲ್ಲ. ಉಳಿದವು ಹೋಗಿಲ್ಲ. ಇಲ್ಲಿ ನಮ್ಮ ತಾಯಂದಿರಿಗೆ ಇನ್ನೊಂದು ತೊಡಕು: ನಮ್ಮ ಗೊಬ್ಬರ ಇಲ್ಲಿಯ ಗೋವರ, ಅದನ್ನು ಊಹಿಸಬಹುದು, ಆದರೆ ಗಂಟಲಮಾರಿಗೆ ಘಟಸರ್ಪ, ನಾಯಿಕೆಮ್ಮಿಗೆ ಡಾಂಗ್ಯಾ ಖೋಕಲಾ ಎನ್ನುತ್ತಾರೆಂದು ಹೊಸದಾಗಿ ಬಂದವಳಿಗೆ ಹೇಗೆ ತಿಳಿಯಬೇಕು? ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿರಿ.

ಕೂಸಿಗೆ ಹಾಕಿಸಿದ ಲಸಿಕೆ ಸಾಕೆಂದು ಅನೇಕರು ಸುಮ್ಮನಾಗುತ್ತಾರೆ. ಗಂಟಲಮಾರಿಯ ಲಸಿಕೆಯನ್ನು 5–6ನೆಯ ವಯಸ್ಸಿಗೆ, ಮತ್ತೆ 10ಕ್ಕೆ, 16ಕ್ಕೆ ಹಾಕಿಸಬೇಕು. ಕಲಬುರ್ಗಿ, ವಿಜಾಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಗೆ ತಪ್ಪುವುದು ಇವೇ. ಕಾರ್ಡು ಊರಲ್ಲಿ ಉಳಿದಿರುತ್ತದೆ. ಕಾರ್ಡಿಲ್ಲವೆಂದು ಹಿಂಜರಿಯಬೇಡಿರಿ. ಮಹಾನಗರಪಾಲಿಕೆಯ ದವಾಖಾನೆಯಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಮರಾಠಿ ಬಾರದ ನೆರೆಯವರಿದ್ದರೆ ನಮ್ಮಲ್ಲಿ ಯಾರಾದರೊಬ್ಬರು ಜೊತೆಗೆ ಹೋಗಿ ಬರಲಿ.