ಕಲ್ಲಿಗೆ ಕನ್ನಡದ ಬಾಯಿ ಕೊಡೋಣ
(ಹಾರವಾಡದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಪಿಯುಸಿ ಓದಿ ಪ್ರೆಸ್ಸು ನಡೆಸುವವನು. ಎಲ್ಲಿ ಅಕ್ಷರ ಬಿಟ್ಟುಹೋಗಿದೆ ಎಂದು ಹುಡುಕುವುದೇ ನನ್ನ ಕಸುಬು. ನಮ್ಮ ಕಾರವಾರ-ಅಂಕೋಲಾ ಕರಾವಳಿಯಲ್ಲಿ ನೋಡತಕ್ಕ ಕಟ್ಟಡಗಳಿಗೆ ಬರವಿಲ್ಲ. ಅವುಗಳ ಕಥೆ ಹೇಳುವ ಕನ್ನಡ ಅಕ್ಷರಗಳಿಗೆ ಬರ!

ಕಾಳಿ ನದಿಯಾಚೆ ಗುಡ್ಡದ ಮೇಲೆ ಸದಾಶಿವಗಡವಿದೆ. ಸೋದೆಯ ಅರಸ ಬಸವಲಿಂಗ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ. ಪೋರ್ಚುಗೀಸರು ಹಿಡಿದರು, ಹೈದರಾಲಿಯ ಸೈನ್ಯ ಹಿಡಿಯಿತು, ಇಂಗ್ಲಿಷರು ಹಿಡಿದರು. ಜನರ ನಾಲಗೆಯ ಮೇಲೆ ಉಳಿದ ಹೆಸರು ಸೋದೆಯವರದೇ.

ಈಚೆ ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ತರುಣ ಕವಿ ಬಂದು ತಂಗಿದ್ದರು. ಒಂದು ನಾಟಕವನ್ನೂ ಇಲ್ಲಿಯೇ ಬರೆದರು. ಅದೇ ದಂಡೆಯ ಮೇಲೆ 2006ರಿಂದ 'ಚಪಲ್' ಯುದ್ಧನೌಕೆ ನಿಂತಿದೆ. ಎದುರಿನ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರು. ಜಾತ್ರೆಗೆ ದೋಣಿಯಲ್ಲೇ ಹೋಗಬೇಕು.

ನಿಮ್ಮೂರಿನ ಆಚೀಚೆ ಅಮದಳ್ಳಿಯ ವೀರಗಣಪತಿ, ಅವರ್ಸೆಯ ಕಾತ್ಯಾಯಿನಿ ಬಾಣೇಶ್ವರ. ಮುಂದೆ ಅಂಕೋಲೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಕಾಯಿದೆ ಮುರಿದ ನೆಲ ಅದು. ಅಲ್ಲಿಯ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನ ನಮ್ಮ ಪಾಲಿಗೆ ಗುಡಿಯೇ. 1966ರ ಗೋಖಲೆ ಶತಾಬ್ದಿ ಕಾಲೇಜು ದಿನಕರ ದೇಸಾಯಿಯವರ ಕನಸು. ಬಡ ರೈತನ ಮಗ ಪದವಿ ಓದಲೆಂದು ಎದ್ದ ಗೋಡೆಗಳವು. ಇವೂ ಕೋಟೆಗಿಂತ ಕಡಿಮೆಯೇನಲ್ಲ!

ಇಷ್ಟೆಲ್ಲ ಇದೆಯಲ್ಲ, ಬರೆದಿಡುವ ಅವಸರವೇನು ಎನ್ನುವಿರಾ? 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಸುಮಾರು ನಲವತ್ತು ವರ್ಷ ನಾವು ಓಡಾಡಿದ ಸೇತುವೆ ಬೆಳಗಾಗುವಷ್ಟರಲ್ಲಿ ನೀರಿನಲ್ಲಿತ್ತು. ಇನ್ನು ಸೀಬರ್ಡ್ ಯೋಜನೆ. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಕದಂಬ ನೌಕಾನೆಲೆ. ದೇಶದ ರಕ್ಷಣೆಗೆ ನಾವು ಅಡ್ಡಿಯಲ್ಲ. ಆದರೆ ಸಾವಿರಾರು ಕುಟುಂಬಗಳು ಮನೆ, ತೋಟ, ಕಡಲ ದಾರಿ ಬಿಟ್ಟು ಎದ್ದು ಬಂದವು. ಲಗ್ನಪತ್ರಿಕೆ ಮಾಡಿಸಲು ನನ್ನ ಪ್ರೆಸ್ಸಿಗೆ ಬರುವ ಅಂಥ ಹಿರಿಯರು ವಿಳಾಸದಲ್ಲಿ ಹೊಸ ಕಾಲೊನಿ ಹಾಕಿಸುತ್ತಾರೆ, ಮೇಲೆ ಮಾತ್ರ ಬಿಟ್ಟುಬಂದ ಊರಿನ ದೇವರ ಹೆಸರೇ ಬೇಕೆನ್ನುತ್ತಾರೆ. ಆ ಹಿರಿಯರು ಹೋದ ಮೇಲೆ ಆ ಸಾಲು ಬರೆಸುವವರು ಯಾರು?

ಹಾರವಾಡ ರೈಲು ನಿಲ್ದಾಣದ ಹಲಗೆಯಲ್ಲಿ ಊರಿನ ಹೆಸರು ಕನ್ನಡದಲ್ಲಿದೆ. ಹೆಸರಷ್ಟೇ ಸಾಲದು, ಬಂಧುಗಳೇ! ಪ್ರತಿ ಗುಡಿ, ಕೋಟೆ, ಶಾಲೆಯ ಮುಂದೆ ಕಟ್ಟಿದವರ ಹೆಸರು, ಇಸವಿ, ಕಾರಣ ಕನ್ನಡದಲ್ಲಿ ಬರಲಿ. ಎದ್ದುಹೋದ ಹಳ್ಳಿಗಳ ಹೆಸರಿಗೂ ಒಂದು ಕಲ್ಲು ನಿಲ್ಲಲಿ. ಫ್ಲೆಕ್ಸ್ ಬೇಡ, ಪ್ರೆಸ್ಸಿನವನೇ ಹೇಳುತ್ತಿದ್ದೇನೆ, ಅದು ಎರಡು ಮಳೆಗಾಲ ತಾಳುವುದಿಲ್ಲ. ಕಲ್ಲಿನಲ್ಲೇ ಕೆತ್ತಿಸಿ. ಗ್ರಾಮ ಪಂಚಾಯಿತಿಗೆ ಈ ವಾರವೇ ಮನವಿ ಕೊಡೋಣ. ಶಾಲೆಯ ಮಕ್ಕಳು ಅಜ್ಜ-ಅಜ್ಜಿಯರನ್ನು ಕೇಳಿ ಬರೆದು ತರಲಿ. ಅಕ್ಷರ ತಿದ್ದಿ, ಅಚ್ಚು ಹಾಕಿ ಕೊಡುವ ಕೆಲಸ ನನ್ನದು, ಕಾಸು ಬೇಡ.

ಸಿರಿಗನ್ನಡಂ ಗೆಲ್ಗೆ!