ಏಕನಾಯಕದ ಕಷಾಯ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ

ರಾಜರಾಜೇಶ್ವರಿ ಅಮ್ಮನ ಈ ಪೊಳಲಿಯಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ರಕ್ತ ಪರೀಕ್ಷೆಗೆ ಕೈ ಚಾಚುವಾಗ ನಿಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಹಳ್ಳಿ ಮದ್ದು ಮಾಡಬಹುದಾ?"

ಗಿಡಮೂಲಿಕೆಯನ್ನು ನಾನು ಹೀಗಳೆಯುವುದಿಲ್ಲ. ನೀವು ದಿನಾ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಒಂದು ಗಿಡವೇ. ಯುರೋಪಿನ ಗಲೇಗಾ ಗಿಡದಲ್ಲಿ ಸಕ್ಕರೆ ಇಳಿಸುವ ಅಂಶವಿತ್ತು, ಆದರೆ ಅದು ವಿಷ. ಹೆಚ್ಚು ಮೇಯ್ದ ಕುರಿಗಳು ಸಾಯುತ್ತಿದ್ದವು. ಅದನ್ನು ಹೋಲುವ, ಅಪಾಯ ಕಡಿಮೆಯಿರುವ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಯಿತು. ಅದನ್ನು ರೋಗಿಗಳಿಗೆ ಕೊಟ್ಟು, 1957ರಲ್ಲಿ ಫಲಿತಾಂಶ ಪ್ರಕಟಿಸಿದವರು ಪ್ಯಾರಿಸ್ಸಿನ ವೈದ್ಯ ಜ್ಯಾಂ ಸ್ಟೆರ್ನ್.

ನಮ್ಮ ಕಡೆಯ ಏಕನಾಯಕದ ಬೇರಿಗೂ ಸತ್ವವಿದೆ. ಅದೇ ಕುಲದ ಬಳ್ಳಿಯಿಂದ ಜಪಾನಿನ ವಿಜ್ಞಾನಿಗಳು 1997ರಲ್ಲಿ ಸಲಾಸಿನಾಲ್ ಎಂಬ ಅಂಶವನ್ನು ಬೇರ್ಪಡಿಸಿದರು. ಅನ್ನ, ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವುದನ್ನು ಅದು ನಿಧಾನ ಮಾಡುತ್ತದೆ. ಆದ್ದರಿಂದ ಊಟವಾದ ಮೇಲೆ ಶುಗರ್ ಒಮ್ಮೆಲೇ ಏರುವುದಿಲ್ಲ. ಆದರೆ ಮಾತ್ರೆಯಲ್ಲಿ ಇಂತಿಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಒಂದು ಲೋಟ ಕಷಾಯದಲ್ಲಿ ಎಷ್ಟಿದೆ ಎಂದು ಬೇಯಿಸಿದವರಿಗೂ ಗೊತ್ತಿರುವುದಿಲ್ಲ.

ಒಬ್ಬ ಅಜ್ಜಿಯನ್ನು ಬೆಳಿಗ್ಗೆ ರಿಕ್ಷಾದಲ್ಲಿ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ಮಗನ ಗುರುತೂ ಸರಿಯಾಗಿ ಸಿಗುತ್ತಿಲ್ಲ. ಶುಗರ್ 48. ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದರು, ಮೇಲೆ ಏಕನಾಯಕದ ಕಷಾಯ ಕುಡಿದಿದ್ದರು, ಅಂದು ಉಪವಾಸ ಬೇರೆ. ಮನೆಯವರು ಸಕ್ಕರೆ ನೀರು ಕುಡಿಸಿಯೇ ತಂದಿದ್ದರು. ಈ ಬಳ್ಳಿಯ ಅಂಶ ಹೊಟ್ಟೆಯಲ್ಲಿದ್ದಾಗ ಮನೆಯ ಸಕ್ಕರೆಯೂ ಬೇಗ ಕರಗಿ ರಕ್ತಕ್ಕೆ ಸೇರುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಂಥವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರವಿದ್ದರೆ ಮೂರು ಚಮಚ ನೀರಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ತನ್ನಿ. ಅಜ್ಜಿ ಹುಷಾರಾದರು. "ನಾನು ಮದ್ದು ಹೆಚ್ಚು ಮಾಡಿದ್ದಲ್ವಾ, ಕಾಯಿಲೆ ಹೆಚ್ಚಾದದ್ದು ಹೇಗೆ?" ಎಂದು ಅವರು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಇನ್ನು ದಪ್ಪ ಇಳಿಸುವ ಮದ್ದು. ಉಪ್ಪಾಗೆ ಹುಳಿಯ ಸತ್ವವನ್ನು ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಡಬ್ಬಿಗಟ್ಟಿ ಮಾರುತ್ತಾರೆ. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ಪರೀಕ್ಷೆ ಮಾಡಿ 1998ರಲ್ಲಿ ಪ್ರಕಟಿಸಿದರು. ಬರೀ ಹುಸಿ ಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. ಇಂಥ ಗುಳಿಗೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಅಡುಗೆಗೆ ಹಾಕುವ ಹುಳಿಗೆ ಹೆದರಬೇಡಿ. ಪುನರ್ಪುಳಿ ಶರಬತ್ತು ಕುಡಿಯಿರಿ, ಆದರೆ ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಸುರಿದು "ಇದು ಶುಗರಿಗೆ ಒಳ್ಳೆಯದು" ಎನ್ನಬೇಡಿ!

ಹಾಗಲಕಾಯಿ ಪಲ್ಯ, ಮೆಂತ್ಯ ಊಟದ ಜೊತೆ ಇರಲಿ, ಮಾತ್ರೆಯ ಬದಲಿಗೆ ಅಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ತಂದೆತಾಯಿಗಳಲ್ಲಿ ಕೈಮುಗಿದು ಕೇಳುತ್ತೇನೆ, ಯಾರ ಮಾತಿಗೂ ಒಂದು ದಿನವೂ ಅದನ್ನು ನಿಲ್ಲಿಸಬೇಡಿ.

ಮುಂದಿನ ಸಲ ಬರುವಾಗ ಮಾತ್ರೆಯ ಚೀಟಿಯ ಜೊತೆ ಮನೆಯಲ್ಲಿ ಕುದಿಸುವ ಬೇರು, ತೊಗಟೆ, ಪುಡಿಯನ್ನೂ ಚೀಲದಲ್ಲಿ ಹಾಕಿ ತನ್ನಿ. ಡಾಕ್ಟರ ಮುಂದೆ ಮೇಜಿನ ಮೇಲೆ ಇಡಿ. ಯಾರೂ ಬೈಯುವುದಿಲ್ಲ.